ಚಿತ್ರವೇ ಸುಳ್ಳು ಹೇಳಿದರೆ ಯಾರನ್ನು ನಂಬುವುದು? ಅನಿಮೇಷನ್ ಹಾಸ್ಯ ಸರಣಿಗಳ ನಂಬಲಾಗದ ನಿರೂಪಕರು

ಮರುವೀಕ್ಷಕ

‘ದಿ ಸಿಂಪ್ಸನ್ಸ್’ ಸರಣಿಯ ಎರಡನೆಯ ಸೀಸನ್ನಿನ ಒಂದು ಕಂತಿನಿಂದ ಮಾತು ಆರಂಭಿಸುತ್ತೇನೆ. 1991ರ ಜನವರಿಯಲ್ಲಿ ಪ್ರಸಾರವಾದ ಆ ಕಂತಿನ ಮೊದಲಿಗೇ ಸ್ಕೇಟ್‌ಬೋರ್ಡಿನ ಮೇಲೆ ಹೋಗುತ್ತಿದ್ದ ಸಿಂಪ್ಸನ್ ಮನೆಯ ಹುಡುಗ ಬಾರ್ಟ್‌ಗೆ ಊರಿನ ಸಿರಿವಂತ ಮುದುಕ ಬರ್ನ್ಸ್‌ನ ಕಾರು ಗುದ್ದುತ್ತದೆ. ಗುದ್ದಿದ್ದನ್ನು ನಾವು ಕಣ್ಣಾರೆ ಕಾಣುತ್ತೇವೆ. ಮುಂದೆ ನ್ಯಾಯಾಲಯದಲ್ಲಿ ಅದೇ ಅಪಘಾತವನ್ನು ಮತ್ತೆರಡು ಬಾರಿ ತೋರಿಸುತ್ತಾರೆ. ವಕೀಲನಿಂದ ಪಾಠ ಹೇಳಿಸಿಕೊಂಡು ಬಂದ ಬಾರ್ಟ್‌ನ ಹೇಳಿಕೆಯಲ್ಲಿ, ಏನೂ ಅರಿಯದ ಬಾಲಕನ ಮೇಲೆ ಕ್ರೂರ ಮುದುಕನೊಬ್ಬ ಬೇಕೆಂದೇ ಕಾರು ನುಗ್ಗಿಸುತ್ತಾನೆ. ಬರ್ನ್ಸ್‌ನ ಹೇಳಿಕೆಯಲ್ಲಿ, ಅನಾಥಾಲಯದ ಮಕ್ಕಳಿಗೆ ಆಟಿಕೆ ಹಂಚಲು ಹೊರಟ ಕರುಣಾಳುವಿನ ಕಾರಿಗೆ ಪುಂಡ ಹುಡುಗನೊಬ್ಬ ತಾನಾಗಿಯೇ ಬಂದು ಅಪ್ಪಳಿಸುತ್ತಾನೆ. ಎರಡೂ ಹೇಳಿಕೆಗಳು ಬರಿಯ ಮಾತಿನಲ್ಲಿಲ್ಲ, ಪೂರ್ಣ ಚಿತ್ರಗಳಾಗಿ ತೆರೆಯ ಮೇಲೆ ನಡೆಯುತ್ತವೆ. ಆದರೂ ನಾವು ಮೋಸ ಹೋಗುವುದಿಲ್ಲ, ನಗುತ್ತೇವೆ.

ನಂಬಲಾಗದ ನಿರೂಪಕ ಎಂಬ ಪರಿಭಾಷೆಯನ್ನು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಬಳಕೆಗೆ ತಂದದ್ದು ಕಾದಂಬರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕೃತಿ ಒಟ್ಟಾರೆಯಾಗಿ ಎತ್ತಿಹಿಡಿಯುವ ಮೌಲ್ಯಗಳಿಗೂ ಕಥೆ ಹೇಳುವವನ ಮಾತಿಗೂ ತಾಳೆಯಾಗದಿದ್ದರೆ ಅವನು ನಂಬಲಾಗದವನು ಎಂಬುದು ಅದರ ತಿರುಳು. ಅಂದರೆ ತಾಳೆ ನೋಡಲು ಒಂದು ಅಳತೆಗೋಲು ಬೇಕು. ಅಪಘಾತದ ಕಂತಿನಲ್ಲಿ ಮೊದಲ ದೃಶ್ಯವೇ ಆ ಅಳತೆಗೋಲು. ಕೊನೆಗೆ ಸಾಕ್ಷಿಕಟ್ಟೆ ಹತ್ತಿ ಯಾವ ಅಲಂಕಾರವೂ ಇಲ್ಲದೆ ನಿಜ ನುಡಿಯುವ ಬಾರ್ಟ್‌ನ ತಾಯಿ ಮಾರ್ಜ್ ಎರಡನೆಯದು.

ಈಚೆಗೆ ಯಾವುದೇ ಸರಣಿಯ ಎರಡು ಕಂತುಗಳು ಒಂದಕ್ಕೊಂದು ಹೊಂದದಿದ್ದರೆ ಸಾಕು, ‘ನಿರೂಪಕ ನಂಬಲಾಗದವನು’ ಎಂಬ ಷರಾ ಬೀಳುತ್ತದೆ. ಬರಹಗಾರರ ಮರೆವಿಗೂ ಪಾತ್ರದ ಸುಳ್ಳಿಗೂ ಒಂದೇ ಹೆಸರಿಟ್ಟರೆ ಆ ಹೆಸರಿನಿಂದ ಪ್ರಯೋಜನವೇನು? ಅಳತೆಗೋಲು ಕೃತಿಯ ಒಳಗೇ ಇದ್ದರೆ ಮಾತ್ರ ಈ ಪದವನ್ನು ಬಳಸಬೇಕು ಎಂಬುದು ನನ್ನ ವಾದ. ಭಿನ್ನಾಭಿಪ್ರಾಯವಿರುವವರು ಉದಾಹರಣೆಯ ಸಮೇತ ಬರೆಯಬೇಕೆಂದು ಕೋರುತ್ತೇನೆ.

ಸಂಶಯಾತ್ಮ

ಮರುವೀಕ್ಷಕರೇ, ನಿಮ್ಮ ಅಳತೆಗೋಲಿನ ಮಾತನ್ನು ಒಪ್ಪುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕಾಗಿದೆ: ಇಲ್ಲಿ ನಿರೂಪಕ ಎಲ್ಲಿದ್ದಾನೆ? ಕಾದಂಬರಿಯಲ್ಲಿ ‘ನಾನು’ ಎನ್ನುವವನೊಬ್ಬ ಇರುತ್ತಾನೆ, ಅವನ ವಾಕ್ಯಗಳ ಹೊರಗೆ ಏನೂ ಇರುವುದಿಲ್ಲ. ದೂರದರ್ಶನದ ಅನಿಮೇಷನ್ನಿನಲ್ಲಿ ಹೆಚ್ಚಿನ ವೇಳೆ ಯಾರೂ ಕಥೆ ಹೇಳುತ್ತಿರುವುದಿಲ್ಲ, ಕಥೆ ಸುಮ್ಮನೆ ನಡೆಯುತ್ತಿರುತ್ತದೆ. ‘ಕಿಂಗ್ ಆಫ್ ದ ಹಿಲ್’ ಸರಣಿಯ ಡೇಲ್ ಗ್ರಿಬಲ್‌ನನ್ನು ಅನೇಕರು ನಂಬಲಾಗದ ನಿರೂಪಕ ಎನ್ನುತ್ತಾರೆ. ಸರ್ಕಾರದ ಪ್ರತಿಯೊಂದು ನಡೆಯಲ್ಲೂ ಸಂಚು ಹುಡುಕುವ ಆ ಮನುಷ್ಯನಿಗೆ ತನ್ನ ಮಗ ಜೋಸೆಫ್‌ನ ಮುಖ ಹೆಂಡತಿಯ ಗುಟ್ಟಿನ ಪ್ರಿಯಕರ ಜಾನ್ ರೆಡ್‌ಕಾರ್ನ್‌ನ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದು ಕಾಣುವುದಿಲ್ಲ. ಗರ್ಭ ನಿಂತ ದಿನಗಳಲ್ಲಿ ತಾನು ಹೆಂಡತಿಯ ಬಳಿ ಇರಲಿಲ್ಲ ಎಂಬುದು ಒಂದು ಕಂತಿನಲ್ಲಿ ಲೆಕ್ಕಕ್ಕೆ ಸಿಕ್ಕಾಗಲೂ, ಇದು ಅನ್ಯಗ್ರಹ ಜೀವಿಗಳ ಕೆಲಸವೆಂದು ಅವನು ತೀರ್ಮಾನಿಸುತ್ತಾನೆ. ಸೊಗಸಾದ ಹಾಸ್ಯ, ಸಂದೇಹವಿಲ್ಲ. ಆದರೆ ಅವನು ನಮಗೇನೂ ನಿರೂಪಿಸುತ್ತಿಲ್ಲ. ಅವನ ಕುರುಡನ್ನು ನಾವು ಹೊರಗಿನಿಂದ ನೋಡುತ್ತಿದ್ದೇವೆ, ಅಷ್ಟೇ.

ಆದ್ದರಿಂದ ಪದವನ್ನು ಇನ್ನಷ್ಟು ಬಿಗಿಗೊಳಿಸೋಣ ಎಂಬುದು ನನ್ನ ಸೂಚನೆ. ಪಾತ್ರವೊಂದು ಬಾಯಿಬಿಟ್ಟು ಕಥೆ ಹೇಳಬೇಕು, ಅಥವಾ ಚಿತ್ರವು ಆ ಪಾತ್ರದ ತಲೆಯೊಳಗಿನಿಂದ ಹೊರಡಬೇಕು. ಎರಡೂ ಇಲ್ಲದಿದ್ದರೆ ಅದು ಭ್ರಮೆಯಲ್ಲಿರುವ ಪಾತ್ರ, ನಿರೂಪಕನಲ್ಲ.

ಫಲಕಚಿತ್ರ

ನಾನು ಸ್ಟೋರಿಬೋರ್ಡ್ ಬಿಡಿಸಿ ಹೊಟ್ಟೆ ಹೊರೆಯುವವಳು, ಹಾಗಾಗಿ ಈ ಪ್ರಶ್ನೆಯನ್ನು ನಾನು ನೋಡುವ ಕಡೆಯೇ ಬೇರೆ.

ಸಾಮಾನ್ಯ ಚಲನಚಿತ್ರದಲ್ಲಿ ಕ್ಯಾಮೆರಾದ ಮುಂದೆ ಏನೋ ಒಂದು ನಿಜವಾಗಿ ನಡೆದಿರುತ್ತದೆ, ಅಭಿನಯವೇ ಆಗಿದ್ದರೂ. ಆ ಸಲುಗೆಯಿಂದ ಪ್ರೇಕ್ಷಕ ಚಿತ್ರವನ್ನು ನಂಬುತ್ತಾನೆ. ಆಲ್ಫ್ರೆಡ್ ಹಿಚ್‌ಕಾಕ್ 1950ರ ‘ಸ್ಟೇಜ್ ಫ್ರೈಟ್’ ಚಿತ್ರದಲ್ಲಿ ಆರೋಪಿಯ ಸುಳ್ಳು ಹೇಳಿಕೆಯನ್ನು ಫ್ಲ್ಯಾಶ್‌ಬ್ಯಾಕ್ ಆಗಿ ತೋರಿಸಿದಾಗ ಅನೇಕರು ಸಿಟ್ಟಾದರು. ಅದು ಮಾಡಬಾರದ ಕೆಲಸವಾಗಿತ್ತೆಂದು ಆತನೇ ಮುಂದೆ ಒಪ್ಪಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಾಗ ಆಗುವ ಸಿಟ್ಟು ಅದು. ಅನಿಮೇಷನ್ನಿನಲ್ಲಿ ಅಂಥ ಬೇಲಿಯೇ ಇಲ್ಲ. ಪ್ರತಿಯೊಂದು ಚೌಕಟ್ಟನ್ನೂ ಯಾರೋ ಕುಳಿತು ಬಿಡಿಸಿದ್ದಾರೆ ಎಂಬುದು ಮಗುವಿಗೂ ಗೊತ್ತು. ಹಾಗಿದ್ದರೆ ನಾವು ನಂಬುವುದಾದರೂ ಏನನ್ನು? ನನ್ನ ಉತ್ತರ: ಮಾದರಿ ಹಾಳೆಯನ್ನು. ಪ್ರತಿ ಪಾತ್ರಕ್ಕೂ ಎದುರಿನಿಂದ, ಪಕ್ಕದಿಂದ, ಓರೆಯಿಂದ ಹೇಗೆ ಕಾಣಬೇಕೆಂಬ ಹಾಳೆಯೊಂದು ಸ್ಟುಡಿಯೋದಲ್ಲಿ ಇರುತ್ತದೆ, ನಾವೆಲ್ಲ ಅದನ್ನು ನೋಡಿಕೊಂಡೇ ಬಿಡಿಸುತ್ತೇವೆ. ನಾಲ್ಕು ಕಂತು ನೋಡಿದ ಪ್ರೇಕ್ಷಕನ ಮನಸ್ಸಿನಲ್ಲಿ ಆ ಹಾಳೆ ಅವನಿಗೇ ತಿಳಿಯದಂತೆ ಅಚ್ಚೊತ್ತಿರುತ್ತದೆ. ಒಂದು ದೃಶ್ಯದಲ್ಲಿ ಯಾರದೋ ಗಲ್ಲ ಇದ್ದಕ್ಕಿದ್ದಂತೆ ಚೌಕವಾದರೆ, ಸೊಂಟ ಎರಡಿಂಚು ಸಣ್ಣದಾದರೆ, ಇದನ್ನು ಹೇಳುತ್ತಿರುವವರು ಯಾರು ಎಂದು ಕಣ್ಣು ತಾನಾಗಿಯೇ ಕೇಳುತ್ತದೆ.

ಇನ್ನೊಂದು ಮಾತು. ಸುಳ್ಳು ನೆನಪಿನ ದೃಶ್ಯಕ್ಕೆ ಹೊಸ ಮಾದರಿ ಹಾಳೆ ಬೇಕು, ಹೊಸ ಹಿನ್ನೆಲೆ ಬೇಕು, ಕೆಲವೊಮ್ಮೆ ಬಣ್ಣದ ಪಟ್ಟಿಯೇ ಬೇರೆ ಬೇಕು. ದೂರದರ್ಶನದ ವೇಳಾಪಟ್ಟಿಯಲ್ಲಿ ಇವೆಲ್ಲ ದುಬಾರಿ ಬಾಬತ್ತುಗಳು. ಯಾರೂ ಕೈತಪ್ಪಿನಿಂದ ಅಂಥ ದೃಶ್ಯ ಮಾಡುವುದಿಲ್ಲ. ಕಥೆಯ ತಪ್ಪು ಹೊಂದಾಣಿಕೆಗಾದರೋ ಚಿಕ್ಕಾಸೂ ಖರ್ಚಿಲ್ಲ. ಆದ್ದರಿಂದ ಮರುವೀಕ್ಷಕರ ಪ್ರಶ್ನೆಗೆ ನನ್ನದೊಂದು ಒರಟು ಪರೀಕ್ಷೆ ಇದೆ: ಆ ಸುಳ್ಳಿಗಾಗಿ ಅವರು ದುಡ್ಡು ಸುರಿದಿದ್ದಾರೆಯೇ ನೋಡಿ.

ಸಂಶಯಾತ್ಮ

ಫಲಕಚಿತ್ರ ಅವರೇ, ಪರೀಕ್ಷೆ ಚೆನ್ನಾಗಿದೆ. ಆದರೆ ಖರ್ಚಿಲ್ಲದ ಸುಳ್ಳುಗಳೂ ಇವೆಯಲ್ಲ? ಧ್ವನಿಯಿಂದಲೇ ನಡೆಯುವಂಥವು.

‘ಕಿಂಗ್ ಆಫ್ ದ ಹಿಲ್’ ಸರಣಿಯ ಮೂರನೆಯ ಸೀಸನ್ನಿನಲ್ಲಿ ನಾಲ್ವರು ಗೆಳೆಯರು ಸ್ವಯಂಸೇವಕ ಅಗ್ನಿಶಾಮಕರಾಗುತ್ತಾರೆ, ಅಗ್ನಿಶಾಮಕ ಠಾಣೆಯೇ ಸುಟ್ಟುಹೋಗುತ್ತದೆ. ಏನಾಯಿತೆಂದು ಒಬ್ಬೊಬ್ಬನೂ ತನ್ನ ತನ್ನ ಕಥೆ ಹೇಳುತ್ತಾನೆ. ಅವರಲ್ಲಿ ಬೂಮ್‌ಹೌರ್ ಎಂಬವನಿದ್ದಾನೆ. ಸರಣಿಯುದ್ದಕ್ಕೂ ಅವನ ಮಾತು ಯಾರಿಗೂ ಸರಿಯಾಗಿ ಅರ್ಥವಾಗದ ವೇಗದ ತೊದಲು. ಅವನ ಸರದಿ ಬಂದಾಗ, ಅವನ ಕಥೆಯೊಳಗೆ ಅವನೊಬ್ಬನೇ ಸ್ಪಷ್ಟವಾಗಿ, ನಿಧಾನವಾಗಿ ಮಾತನಾಡುತ್ತಾನೆ, ಮಿಕ್ಕವರೆಲ್ಲ ತೊದಲುತ್ತಾರೆ. ಚಿತ್ರದಲ್ಲಿ ಯಾರ ಗಲ್ಲವೂ ಬದಲಾಗಬೇಕಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕಾರದ ಅತ್ಯುತ್ತಮ ಕೆಲವು ಕ್ಷಣಗಳು ಇವು. ಅವನು ಬೆಂಕಿಯ ಬಗ್ಗೆ ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ಎಂಬುದು ಹಿಂದೆ ಸರಿದು, ಅವನಿಗೆ ಈ ಲೋಕ ಹೇಗೆ ಕೇಳಿಸುತ್ತದೆ ಎಂಬುದು ಮೊದಲ ಬಾರಿಗೆ ನಮಗೆ ತಿಳಿಯುತ್ತದೆ. ಇಷ್ಟು ವರ್ಷ ಅವನ ಕಿವಿಗೆ ತೊದಲುತ್ತಿದ್ದವರು ನಾವೇ!

ಮರುವೀಕ್ಷಕ

ಇದು ನನ್ನ ವಾದಕ್ಕೆ ಸ್ವಲ್ಪ ಪೆಟ್ಟು ಕೊಡುವ ಉದಾಹರಣೆ ಎಂದು ಒಪ್ಪುತ್ತೇನೆ. ಬಾರ್ಟ್ ಮತ್ತು ಬರ್ನ್ಸ್ ಬುದ್ಧಿಪೂರ್ವಕವಾಗಿ ಸುಳ್ಳು ಹೇಳುತ್ತಾರೆ. ಬೂಮ್‌ಹೌರ್ ಹೇಳುತ್ತಿಲ್ಲ. ನಿರೂಪಣಾಶಾಸ್ತ್ರಜ್ಞ ಜೇಮ್ಸ್ ಫೆಲನ್ ಈ ವಿಷಯದಲ್ಲಿ ಒಂದು ಉಪಯುಕ್ತ ವಿಂಗಡಣೆ ಮಾಡಿದ್ದಾರೆ: ನಿರೂಪಕ ಸಂಗತಿಗಳಲ್ಲಿ ತಪ್ಪಬಹುದು, ಅರ್ಥೈಸುವುದರಲ್ಲಿ ತಪ್ಪಬಹುದು, ಒಳ್ಳೆಯದು ಕೆಟ್ಟದ್ದೆಂದು ತೂಗುವುದರಲ್ಲಿ ತಪ್ಪಬಹುದು. ಮೂರೂ ಒಟ್ಟಿಗೇ ಬರಬೇಕೆಂದಿಲ್ಲ.

ಎರಡನೆಯ ಬಗೆಗೆ ನನಗೆ ನೆನಪಾಗುವುದು 2001ರಲ್ಲಿ ಪ್ರಸಾರವಾದ ‘ಫ್ಯೂಚುರಾಮಾ’ದ ಒಂದು ಕಂತು. ಸಾವಿರ ವರ್ಷ ಹೆಪ್ಪುಗಟ್ಟಿ ಮಲಗಿ ಎದ್ದ ಫ್ರೈ ತನ್ನ ಅದೃಷ್ಟದ ಏಳೆಸಳಿನ ಕ್ಲೋವರ್ ಎಲೆಯನ್ನು ಹುಡುಕಿಕೊಂಡು ಹೋಗುತ್ತಾನೆ. ತಾನು ಮಾಡುವುದನ್ನೆಲ್ಲ ಚಿಕ್ಕಂದಿನಿಂದ ನಕಲು ಮಾಡುತ್ತಿದ್ದ ಅಣ್ಣ ಯಾನ್ಸಿ ಆ ಎಲೆಯನ್ನೂ, ಕೊನೆಗೆ ತನ್ನ ಹೆಸರನ್ನೂ ಕದ್ದ ಎಂದು ಅವನು ನಂಬಿದ್ದಾನೆ. ಬಾಲ್ಯದ ದೃಶ್ಯಗಳು ಒಂದೂ ಸುಳ್ಳಲ್ಲ. ಅವುಗಳ ಮೇಲೆ ಫ್ರೈ ಕಟ್ಟಿದ ಕಥೆ ಮಾತ್ರ ಸುಳ್ಳು. ಕಳೆದುಹೋದ ತಮ್ಮನ ನೆನಪಿಗಾಗಿ ಅಣ್ಣ ತನ್ನ ಮಗನಿಗೆ ಆ ಹೆಸರಿಟ್ಟ ಎಂಬುದು ಸಮಾಧಿಯ ಮುಂದೆ ತಿಳಿಯುತ್ತದೆ. ಕಣ್ಣಿಗೆ ಕಂಡದ್ದೆಲ್ಲ ನಿಜವಾಗಿದ್ದೂ ನಾವು ಇಪ್ಪತ್ತು ನಿಮಿಷ ಫ್ರೈನ ಜೊತೆ ಸೇರಿ ಅಣ್ಣನನ್ನು ಬೈದಿರುತ್ತೇವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಅನಿಮೇಷನ್ನಿನಲ್ಲಿ ನನಗೆ ಸಿಕ್ಕಿಲ್ಲ.

ಅರ್ಧವಿರಾಮ

ಬುದ್ಧಿಪೂರ್ವಕ ಸುಳ್ಳು ಮತ್ತು ಪ್ರಾಮಾಣಿಕ ತಪ್ಪು ಎಂಬ ಎರಡರ ನಡುವೆ ಇನ್ನೊಂದು ಮೆಟ್ಟಿಲಿದೆ. 2009ರಲ್ಲಿ ಬಂದ ‘ಸೌತ್ ಪಾರ್ಕ್’ನ ‘ಫಿಶ್‌ಸ್ಟಿಕ್ಸ್’ ಕಂತಿನಲ್ಲಿ ಜಿಮ್ಮಿ ಒಂದು ನಗೆಹನಿ ರಚಿಸುತ್ತಾನೆ. ಆ ಹೊತ್ತಿನಲ್ಲಿ ಕಾರ್ಟ್‌ಮನ್ ಸೋಫಾದ ಮೇಲೆ ಬಿದ್ದುಕೊಂಡು ಚಿಪ್ಸ್ ಮೆಲ್ಲುತ್ತಿರುತ್ತಾನೆ, ನಮ್ಮ ಅಳತೆಗೋಲು ಅದು. ನಗೆಹನಿ ದೇಶದಾದ್ಯಂತ ಹರಡುತ್ತಿದ್ದಂತೆ ಕಾರ್ಟ್‌ಮನ್‌ನ ನೆನಪಿನ ದೃಶ್ಯ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅವನ ಪಾಲು ಬೆಳೆಯುತ್ತದೆ. ಮೊದಲು ಸರಿಸಮ ಪಾಲುದಾರ, ಆಮೇಲೆ ಒಬ್ಬನೇ ಕರ್ತೃ, ಅದೂ ಸಾಲದೆ ಡ್ರ್ಯಾಗನ್ ಕೊಂದ ವೀರ. ಮುಖ್ಯ ಸಂಗತಿಯೆಂದರೆ ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಹಾಗೆಯೇ ನೆನಪಿದೆ. ಇಂಥವರು ತಮ್ಮ ಸಾಧನೆಯನ್ನು ನಿಜವಾಗಿಯೂ ಹಾಗೆ ನೆನಪಿಟ್ಟುಕೊಂಡಿರುತ್ತಾರೆಯೇ ಎಂದು ಕಂತಿನಲ್ಲಿ ಬೇರೆ ಹುಡುಗರೇ ಗಂಭೀರವಾಗಿ ಚರ್ಚಿಸುತ್ತಾರೆ.

ಅಹಂಕಾರ ನೆನಪನ್ನು ತಿದ್ದುವ ಬಗೆಯನ್ನು ಹಂತಹಂತವಾಗಿ ಚಿತ್ರಿಸಿ ತೋರಿಸಲು ಅನಿಮೇಷನ್ನಿಗಿಂತ ಒಳ್ಳೆಯ ಮಾಧ್ಯಮ ಇಲ್ಲ. ಅದೇ ಕೋಣೆ, ಅದೇ ಸೋಫಾ, ಸ್ವಲ್ಪ ಬೇರೆಯದೇ ಹುಡುಗ.

ಮೌನಪ್ರೇಕ್ಷಕಿ

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಮರುವೀಕ್ಷಕರ ಮೂಲ ದೂರಿನ ಬಗ್ಗೆ ಯಾರೂ ಮಾತೆತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

‘ಸಿಂಪ್ಸನ್ಸ್’ನಲ್ಲಿ ಹೋಮರ್ ಮತ್ತು ಮಾರ್ಜ್ 1974ರಲ್ಲಿ ಹೈಸ್ಕೂಲಿನಲ್ಲಿ ಭೇಟಿಯಾದರೆಂದು 1991ರ ಕಂತು ಹೇಳಿತು. 2008ರಲ್ಲಿ ಬಂದ ‘ದಟ್ ನೈಂಟೀಸ್ ಶೋ’ ಕಂತು ಅದೇ ಜೋಡಿಯ ಯೌವನವನ್ನು 1990ರ ದಶಕಕ್ಕೆ ಎಳೆದು ತಂದು, ಹೋಮರ್‌ನ ಕೈಗೆ ಗಿಟಾರ್ ಕೊಟ್ಟು ಗ್ರಂಜ್ ಎಂಬ ರಾಕ್ ಶೈಲಿಯ ಒಂದು ವಾದ್ಯವೃಂದವನ್ನೇ ಕಟ್ಟಿಸಿತು. ಎರಡೂ ಅಪ್ಪ ಅಮ್ಮ ಮಕ್ಕಳಿಗೆ ಹೇಳುವ ಕಥೆಗಳು. ಎರಡೂ ನಿಜವಾಗಲು ಸಾಧ್ಯವಿಲ್ಲ. ಹಾಗಾದರೆ ಹೋಮರ್ ನಂಬಲಾಗದ ನಿರೂಪಕ ಎಂದು ಓದುವುದರಲ್ಲಿ ತಪ್ಪೇನು? ಫಲಕಚಿತ್ರ ಅವರ ಖರ್ಚಿನ ಪರೀಕ್ಷೆಯನ್ನೂ ಇದು ಪಾಸು ಮಾಡುತ್ತದೆ, ಹೊಸ ವೇಷ, ಹೊಸ ಹಿನ್ನೆಲೆ, ಹೊಸ ಹಾಡು ಎಲ್ಲಕ್ಕೂ ದುಡ್ಡು ಸುರಿದಿದ್ದಾರೆ.

ಮರುವೀಕ್ಷಕ

ಲೆಕ್ಕ ಹಾಕಿ ನೋಡೋಣ. ಬಾರ್ಟ್‌ಗೆ ಎಂದೆಂದಿಗೂ ಹತ್ತು ವರ್ಷ. 2008ರಲ್ಲಿ ಹತ್ತು ವರ್ಷದವನಾಗಿರಬೇಕಾದರೆ ಅವನು 1998ರಲ್ಲಿ ಹುಟ್ಟಿರಬೇಕು. 1974ರಲ್ಲಿ ಹದಿನೆಂಟರ ಹರೆಯದವನಾಗಿದ್ದ ಹೋಮರ್‌ಗೆ 2008ರಲ್ಲಿ ಐವತ್ತೆರಡು ತುಂಬಿರಬೇಕು. ಪಾತ್ರಗಳಿಗೆ ವಯಸ್ಸಾಗಬಾರದು, ಹೊರಗಿನ ಕಾಲ ಮಾತ್ರ ಓಡುತ್ತಿರಬೇಕು ಎಂಬ ನಿಯಮ ಹಾಕಿಕೊಂಡ ಸರಣಿಗೆ ತನ್ನ ಭೂತಕಾಲವನ್ನು ಹಿಂದಿನಿಂದ ತಳ್ಳುತ್ತಾ ಬರುವುದು ಅನಿವಾರ್ಯ. ತಳ್ಳುತ್ತಿರುವವರು ಬರಹಗಾರರು, ಹೋಮರ್ ಅಲ್ಲ. ಹೋಮರ್ 1974 ಎಂದಾಗ ಅವನು ಸುಳ್ಳು ಹೇಳುತ್ತಿದ್ದ ಎಂಬುದಕ್ಕೆ ಆ ಕಂತಿನೊಳಗೆ ಒಂದು ಸುಳಿವೂ ಇಲ್ಲ.

ಫಲಕಚಿತ್ರ

ಮೌನಪ್ರೇಕ್ಷಕಿ ನನ್ನ ಪರೀಕ್ಷೆಗೆ ಸರಿಯಾದ ತೂತನ್ನೇ ಹುಡುಕಿದ್ದಾರೆ. ಖರ್ಚು ಮಾಡಿದ್ದಾರೆಂದ ಮಾತ್ರಕ್ಕೆ ಪಾತ್ರದ ಸುಳ್ಳಾಗುವುದಿಲ್ಲ, ಬರಹಗಾರರು ಬೇಕೆಂದೇ ಮಾಡಿದ್ದಾರೆ ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ. ನನ್ನ ಪರೀಕ್ಷೆಯನ್ನು ಅಷ್ಟಕ್ಕೇ ಇಳಿಸಿಕೊಳ್ಳುತ್ತೇನೆ.

ಆದರೆ ಅದೇ ಸರಣಿಯಿಂದ ಪರಿಶುದ್ಧ ಉದಾಹರಣೆಯೊಂದನ್ನು ಕೊಡುತ್ತೇನೆ, ಇದರಲ್ಲಿ ಸುಳ್ಳು ಹೇಳುವುದು ವ್ಯಕ್ತಿಯಲ್ಲ, ಕತ್ತರಿ. 1994ರ ‘ಹೋಮರ್ ಬ್ಯಾಡ್‌ಮನ್’ ಕಂತಿನಲ್ಲಿ ಮಗುವಿನ ಆರೈಕೆಗೆ ಬಂದ ತರುಣಿಯೊಬ್ಬಳು ಹೋಮರ್ ತನ್ನ ಮೈಗೆ ಕೈಹಾಕಿದನೆಂದು ತಪ್ಪು ತಿಳಿಯುತ್ತಾಳೆ. ಅವನು ಚಾಚಿದ್ದು ಅವಳ ಬಟ್ಟೆಗೆ ಅಂಟಿಕೊಂಡಿದ್ದ ಮಿಠಾಯಿಗೆ. ತನ್ನ ಪಕ್ಷ ಹೇಳಲು ಅವನು ಟೀವಿ ಕಾರ್ಯಕ್ರಮವೊಂದಕ್ಕೆ ಸಂದರ್ಶನ ಕೊಡುತ್ತಾನೆ. ಪ್ರಸಾರವಾದಾಗ ಅವನ ಮಾತುಗಳನ್ನು ತುಂಡು ತುಂಡು ಮಾಡಿ ತಪ್ಪೊಪ್ಪಿಗೆಯಂತೆ ಜೋಡಿಸಿರುತ್ತಾರೆ. ಹೋಮರ್‌ನ ಬೆನ್ನ ಹಿಂದಿನ ಗೋಡೆ ಗಡಿಯಾರವನ್ನು ನೋಡಿ. ಪ್ರತಿ ಕತ್ತರಿಗೂ ಅದರ ಮುಳ್ಳುಗಳು ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತವೆ. ಯಾವ ಪಾತ್ರವೂ ಗಡಿಯಾರದತ್ತ ಬೆರಳು ತೋರುವುದಿಲ್ಲ. ಆ ಮುಳ್ಳುಗಳನ್ನು ಒಂದೊಂದು ತುಂಡಿಗೂ ಬೇರೆ ಬೇರೆಯಾಗಿ ಬಿಡಿಸಿದವರು ಪ್ರೇಕ್ಷಕನ ಕಣ್ಣಿನ ಮೇಲೆ ಎಷ್ಟು ಭರವಸೆ ಇಟ್ಟಿರಬೇಕು! ಅಳತೆಗೋಲನ್ನು ಮೂಲೆಯಲ್ಲಿ ತೂಗುಹಾಕಿ ಸುಮ್ಮನಾಗುವುದು ನನ್ನ ವೃತ್ತಿಯ ಅತ್ಯಂತ ಸುಖದ ಕೆಲಸ.

ಸಂಶಯಾತ್ಮ

ಅಳತೆಗೋಲೇ ಕೈಕೊಟ್ಟರೆ? ಸಿಂಪ್ಸನ್ ಕುಟುಂಬದಲ್ಲಿ ನಿಜಕ್ಕೆ ನಿಲ್ಲುವವಳೆಂದರೆ ಲೀಸಾ. 1996ರ ಒಂದು ಕಂತಿನಲ್ಲಿ ಊರಿನ ಸ್ಥಾಪಕ ಜೆಬೆಡಾಯಾ ಸ್ಪ್ರಿಂಗ್‌ಫೀಲ್ಡ್ ನಿಜವಾಗಿ ಒಬ್ಬ ಕಡಲ್ಗಳ್ಳನೆಂದು ಅವಳಿಗೆ ಲಿಖಿತ ಸಾಕ್ಷ್ಯವೇ ಸಿಗುತ್ತದೆ. ಕಂತಿನುದ್ದಕ್ಕೂ ಅದಕ್ಕಾಗಿ ಹೋರಾಡಿ, ಕೊನೆಗೆ ಜನರೆದುರು ವೇದಿಕೆ ಹತ್ತಿದಾಗ ಅವನು ದೊಡ್ಡವನಾಗಿದ್ದ ಎಂದಷ್ಟೇ ಹೇಳಿ ಇಳಿಯುತ್ತಾಳೆ. ಅಲ್ಲಿಂದಾಚೆ ಊರಿನ ಇತಿಹಾಸಕ್ಕೆ ಅವಳೂ ಒಬ್ಬ ನಂಬಲಾಗದ ನಿರೂಪಕಿ. ಸತ್ಯ ತಿಳಿದೂ, ಸ್ವಂತಕ್ಕೆ ಯಾವ ಲಾಭವೂ ಇಲ್ಲದೆ ಮುಚ್ಚಿಟ್ಟವಳು. ಫೆಲನ್ ಅವರ ಮೂರು ಬಗೆಗಳಲ್ಲಿ ಇದನ್ನು ಯಾವ ಗೂಡಿಗೆ ಸೇರಿಸುವುದೋ ನನಗೆ ಹೊಳೆಯುತ್ತಿಲ್ಲ.

ಅರ್ಧವಿರಾಮ

ನಡುವೆ ಒಂದು ಪುಟ್ಟ ಮಾತು. ಅಶರೀರವಾಣಿಯಂತೆ ಮಾತನಾಡುವ ಹಳೆಯ ಬಗೆಯ ನಿರೂಪಕರನ್ನು ನಾವು ಮರೆತೇಬಿಟ್ಟಿದ್ದೇವೆ. 1959ರಲ್ಲಿ ಆರಂಭವಾದ ರಾಕಿ ಮತ್ತು ಬುಲ್‌ವಿಂಕಲ್ ಸರಣಿಯಲ್ಲಿಯೇ ಪಾತ್ರಗಳು ನಿರೂಪಕನ ಜೊತೆ ಮಾತಿಗಿಳಿಯುತ್ತಿದ್ದವು. ‘ಪವರ್‌ಪಫ್ ಗರ್ಲ್ಸ್’ನ ಒಂದು ಕಂತಿನಲ್ಲಿ ಮೋಜೋ ಜೋಜೋ ಎಂಬ ಖಳ ವಾನರ ನಿರೂಪಕನನ್ನೇ ಅಪಹರಿಸಿ ಕೂಡಿಹಾಕಿ, ತಾನೇ ಮೈಕಿನ ಮುಂದೆ ಕೂರುತ್ತಾನೆ, ಅವನು ಹೇಳಿದ್ದೆಲ್ಲ ತೆರೆಯ ಮೇಲೆ ನಡೆದುಹೋಗುತ್ತದೆ. ಅವನನ್ನು ನಂಬಲಾಗದ ನಿರೂಪಕ ಎನ್ನಲೂ ಆಗದು, ಏಕೆಂದರೆ ಅವನ ಮಾತು ಅಕ್ಷರಶಃ ನಿಜವಾಗುತ್ತಿದೆ!

ಮೌನಪ್ರೇಕ್ಷಕಿ

ನನ್ನ ಹೋಮರ್ ಕೇಸು ಬಿದ್ದುಹೋಯಿತೆಂದು ಒಪ್ಪಿಕೊಂಡು ಇನ್ನೊಂದನ್ನು ಹಿಡಿದು ಬಂದಿದ್ದೇನೆ.

2015ರಲ್ಲಿ ಪ್ರಸಾರವಾದ ‘ರಿಕ್ ಅಂಡ್ ಮಾರ್ಟಿ’ಯ ‘ಟೋಟಲ್ ರಿಕಾಲ್’ ಕಂತಿನಲ್ಲಿ ಪರಾವಲಂಬಿ ಜೀವಿಗಳು ಮನೆಯೊಳಗೆ ಸೇರಿಕೊಂಡು, ಮನೆಮಂದಿಯ ತಲೆಯಲ್ಲಿ ಸುಳ್ಳು ನೆನಪುಗಳನ್ನು ನೆಟ್ಟು, ಹಳೆಯ ಬಂಧುಮಿತ್ರರಂತೆ ನಟಿಸುತ್ತವೆ. ಪ್ರತಿಯೊಂದು ಫ್ಲ್ಯಾಶ್‌ಬ್ಯಾಕ್ ಮುಗಿಯುವಷ್ಟರಲ್ಲಿ ಕೋಣೆಯಲ್ಲಿ ಹೊಸಬರು ನಿಂತಿರುತ್ತಾರೆ. ‘ಆ ದಿನ ನೆನಪಿದೆಯಾ’ ಎಂಬ ಹಾಸ್ಯ ಸರಣಿಗಳ ಸವಕಲು ವಾಕ್ಯವೇ ಇಲ್ಲಿ ಸೋಂಕು ಹರಡುವ ದಾರಿ. ಪರಾವಲಂಬಿಗಳು ಸಿಹಿ ನೆನಪುಗಳನ್ನು ಮಾತ್ರ ನೆಡಬಲ್ಲವು ಎಂದು ಮಾರ್ಟಿ ಕಂಡುಕೊಂಡ ಮೇಲೆ, ಯಾರ ಜೊತೆ ಕಹಿ ನೆನಪಿದೆಯೋ ಅವರೇ ನಿಜವಾದ ಕುಟುಂಬದವರೆಂದು ವಿಂಗಡಿಸುತ್ತಾರೆ.

ಮರುವೀಕ್ಷಕರೇ, ಇಲ್ಲಿ ನಿಮ್ಮ ಅಳತೆಗೋಲಿಗೆ ಏನಾಗುತ್ತದೆಂದು ಗಮನಿಸಿ. ಅಂದಿನ ಶೀರ್ಷಿಕೆ ದೃಶ್ಯದಲ್ಲಿಯೇ ಅದುವರೆಗೆ ನಾವು ಕಂಡೇ ಇರದ ಒಬ್ಬನನ್ನು ತುರುಕಿದ್ದಾರೆ. ಅವನ ಹೆಸರು ಮಿಸ್ಟರ್ ಪೂಪಿಬಟ್‌ಹೋಲ್. ಇಷ್ಟು ಗಂಭೀರ ಭಾಷೆಯ ನಡುವೆ ಆ ಹೆಸರು ಬರೆಯಲು ಕೈ ತಡೆಯುತ್ತದೆ, ಕ್ಷಮಿಸಿ. ಪಾತ್ರಗಳ ನೆನಪಿನ ಹೊರಗಿರುವ, ನಾವು ಕಣ್ಣುಮುಚ್ಚಿ ನಂಬುವ ಜಾಗ ಶೀರ್ಷಿಕೆ ದೃಶ್ಯ. ಅಲ್ಲಿಯೂ ಅವನಿರುವುದನ್ನು ಕಂಡು, ಸರಣಿಗೇ ಸೋಂಕು ತಗುಲಿದೆ ಎಂದು ನಾವು ಭಾವಿಸುತ್ತೇವೆ. ಮಾರ್ಟಿಯ ತಾಯಿ ಬೆತ್ ಕೂಡ ಹಾಗೆಯೇ ಭಾವಿಸಿ ಅವನಿಗೆ ಗುಂಡು ಹಾರಿಸುತ್ತಾಳೆ. ರಕ್ತ ಸುರಿಯುತ್ತದೆ, ಅವನು ನಿಜವಾಗಿದ್ದ. ನಿಮಗೆ ನನ್ನ ಬಗ್ಗೆ ಕಹಿ ನೆನಪುಗಳಿಲ್ಲದೆ ಹೋದದ್ದಕ್ಕೆ ಕ್ಷಮೆ ಇರಲಿ ಎಂದು ಆಸ್ಪತ್ರೆಯಿಂದ ಅವನು ಹೇಳಿ ಕಳಿಸುತ್ತಾನೆ. ಸರಣಿ ಪ್ರಾಮಾಣಿಕವಾಗಿಯೇ ಇತ್ತು, ನಂಬಿಕೆ ಕಳೆದುಕೊಂಡವರು ನಾವು.

ಮರುವೀಕ್ಷಕ

ಇದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಅಳತೆಗೋಲು ಕೃತಿಯೊಳಗೆ ಇರಬೇಕು ಎಂದೆ. ಇಲ್ಲಿ ಇತ್ತು, ನಾವು ಓದಲಿಲ್ಲ. ಹಾಗಾದರೆ ಅಳತೆಗೋಲನ್ನು ಹುಡುಕುವ ಚಾಳಿಯೇ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ ಎಂದಾಯಿತು.

ಅದೇ ಸರಣಿಯಲ್ಲಿ ಇದರ ತದ್ವಿರುದ್ಧ ಆಟವೂ ಇದೆ. 2017ರ ಏಪ್ರಿಲ್ ಒಂದರಂದು ಬಂದ ಕಂತಿನಲ್ಲಿ, ಸೆರೆಯಲ್ಲಿರುವ ರಿಕ್‌ನ ಮಿದುಳಿನೊಳಗೆ ಇಳಿದ ವಿಚಾರಣಾಧಿಕಾರಿಗೆ ಅವನು ತನ್ನ ಹೆಂಡತಿ ಡಯೇನ್ ಮತ್ತು ಪುಟ್ಟ ಮಗಳು ಬಾಂಬಿಗೆ ಬಲಿಯಾದ ನೆನಪನ್ನು ತೋರಿಸುತ್ತಾನೆ. ಕೆಲಸ ಸಾಧಿಸಿದ ಮೇಲೆ ಅದೆಲ್ಲ ಕಟ್ಟುಕಥೆ ಎಂದು ನಕ್ಕುಬಿಡುತ್ತಾನೆ. ನಾವೂ ನಂಬಿದೆವು. ಸುಳ್ಳುಗಾರ ತಾನು ಸುಳ್ಳು ಹೇಳಿದೆ ಎಂದಾಗ ನಂಬದೆ ಇರುವುದು ಹೇಗೆ? 2021ರಲ್ಲಿ ಐದನೆಯ ಸೀಸನ್ನಿನ ಕೊನೆಯ ಕಂತು ಆ ದುರಂತ ನಿಜವಾಗಿ ನಡೆದಿತ್ತೆಂದು ತೋರಿಸಿತು. ನಾಲ್ಕು ವರ್ಷ ನಮ್ಮನ್ನು ವಂಚಿಸಿದ್ದು ಫ್ಲ್ಯಾಶ್‌ಬ್ಯಾಕ್ ಅಲ್ಲ, ಅದನ್ನು ತಳ್ಳಿಹಾಕಿದ ಆ ಒಂದು ಮಾತು. ಅಷ್ಟು ವರ್ಷ ಆ ದೃಶ್ಯ ನಮ್ಮ ಕಣ್ಣೆದುರಿಗೇ ಇತ್ತು.

ಫಲಕಚಿತ್ರ

ಇಷ್ಟೆಲ್ಲ ಹೇಳಿದ ಮೇಲೆ ‘ಬೋಜ್ಯಾಕ್ ಹಾರ್ಸ್‌ಮನ್’ ಬಗ್ಗೆ ಬರೆಯದೆ ಇರಲಾರೆ. ಮನುಷ್ಯರೂ ಮನುಷ್ಯರಂತೆ ಬದುಕುವ ಪ್ರಾಣಿಗಳೂ ಒಟ್ಟಿಗಿರುವ ಸರಣಿ ಅದು, ಬೋಜ್ಯಾಕ್ ಒಂದು ಕುದುರೆ. ನಾಲ್ಕನೆಯ ಸೀಸನ್ನಿನ ಹನ್ನೊಂದನೆಯ ಕಂತು, 2017. ಬೋಜ್ಯಾಕ್‌ನ ತಾಯಿ ಬಿಯಾಟ್ರಿಸ್‌ಗೆ ಮರೆಗುಳಿ ರೋಗ, ಕಂತು ಬಹುಪಾಲು ಅವಳ ತಲೆಯೊಳಗೆ ನಡೆಯುತ್ತದೆ. ಅವಳಿಗೆ ನೆನಪಿಲ್ಲದ ಜನರಿಗೆ ಮುಖವೇ ಇಲ್ಲ, ಬರಿಯ ನುಣುಪಾದ ಚರ್ಮ. ಮನೆಗೆಲಸದ ಹೆನ್ರಿಯೆಟ್ಟಾಳ ಮುಖದ ಮೇಲೆ ಮಾತ್ರ ಯಾರೋ ಕೋಪದಿಂದ ಕಪ್ಪು ಗೆರೆ ಗೀಚಿ ಹಾಕಿದ್ದಾರೆ. ಮರೆತದ್ದಕ್ಕೂ ನೆನಪಿಡಲು ಒಲ್ಲೆನೆಂದದ್ದಕ್ಕೂ ಇರುವ ವ್ಯತ್ಯಾಸವನ್ನು ಒಂದೂ ಮಾತಿಲ್ಲದೆ ತೋರಿಸಿದ ರೀತಿ ಅದು. ಸಂಶಯಾತ್ಮರೇ, ಚಿತ್ರ ಪಾತ್ರದ ತಲೆಯೊಳಗಿನಿಂದ ಹೊರಡಬೇಕು ಎಂದಿರಲ್ಲ, ಇಲ್ಲಿ ಆ ಷರತ್ತು ಸಂಪೂರ್ಣ ಈಡೇರಿದೆ.

ಆ ಸೀಸನ್ನಿನುದ್ದಕ್ಕೂ ಬಿಯಾಟ್ರಿಸ್ ಮಗನನ್ನು ‘ಹೆನ್ರಿಯೆಟ್ಟಾ’ ಎಂದು ಕರೆಯುತ್ತಿರುತ್ತಾಳೆ, ಮುದುಕಿಯ ಅರಳುಮರುಳೆಂದು ನಾವು ನಕ್ಕಿರುತ್ತೇವೆ. ಈ ಕಂತು ನೋಡಿದ ಮೇಲೆ ಆ ಹೆಸರಿಗೆ ನಗು ಬರುವುದಿಲ್ಲ. ಅವಳ ಮಾತುಗಳಲ್ಲಿ ಅತ್ಯಂತ ನಂಬಲರ್ಹವಾಗಿದ್ದದ್ದು ಅದೊಂದೇ ಹೆಸರು.

ಸಂಶಯಾತ್ಮ

ಈಡೇರಿದೆ, ಸಂಪೂರ್ಣವಾಗಿ. ಅದರ ಬೆನ್ನಿಗೇ ಇನ್ನೊಂದನ್ನು ಇಡುತ್ತೇನೆ, ಮರುವೀಕ್ಷಕರ ಮೊದಲ ಪ್ರಶ್ನೆಗೆ ಇದರಲ್ಲಿ ಉತ್ತರ ಸಿಗಬಹುದು.

2018ರ ‘ಫ್ರೀ ಚುರೋ’ ಕಂತಿನಲ್ಲಿ ಬೋಜ್ಯಾಕ್ ತಾಯಿಯ ಶವಪೆಟ್ಟಿಗೆಯ ಪಕ್ಕ ನಿಂತು, ಆರಂಭದ ಒಂದು ಹಳೆಯ ದೃಶ್ಯವನ್ನು ಬಿಟ್ಟರೆ ಕಂತು ಮುಗಿಯುವವರೆಗೂ ಒಬ್ಬನೇ ಮಾತನಾಡುತ್ತಾನೆ. ಅವನ ಮಾತಿಗೆ ತಕ್ಕ ಚಿತ್ರಗಳಿಲ್ಲ, ಫಲಕಚಿತ್ರ ಅವರ ಮಾದರಿ ಹಾಳೆ ಒಂದಿಷ್ಟೂ ಅಲುಗುವುದಿಲ್ಲ. ತಾಯಿ ಸಾಯುವ ಮುನ್ನ ‘ಐ ಸೀ ಯೂ’ ಎಂದಳೆಂದೂ, ಅಂದರೆ ನಿನ್ನನ್ನು ಕಂಡೆ ಎಂದಳೆಂದೂ ಅವನು ಅದಕ್ಕೆ ಅರ್ಥ ಹುಡುಕುತ್ತಾ ಹೋಗುತ್ತಾನೆ. ಜೀವಮಾನದಲ್ಲಿ ಒಮ್ಮೆಯೂ ಮಗನನ್ನು ಕಣ್ತುಂಬ ನೋಡದವಳು ಕೊನೆಗೆ ಕಂಡಳೇ? ಮಾತಿನ ನಡುವೆಯೇ ಅವನಿಗೆ ಹೊಳೆಯುತ್ತದೆ: ಅವಳು ಮಲಗಿದ್ದದ್ದು ತೀವ್ರ ನಿಗಾ ಘಟಕದಲ್ಲಿ, ಅವಳು ಓದುತ್ತಿದ್ದದ್ದು ಅಲ್ಲಿನ ಫಲಕವನ್ನು, ಐ.ಸಿ.ಯು. ಎಂಬ ಮೂರು ಅಕ್ಷರಗಳನ್ನು. ಹಾಗೆ ನಿರೂಪಕನೇ ತನ್ನ ನಿರೂಪಣೆಯನ್ನು ನಮ್ಮೆದುರು ಹೊಡೆದುಹಾಕುತ್ತಾನೆ.

ಆದರೆ ಅವನಿಗೆ ಗೊತ್ತಿಲ್ಲದ, ನಮಗೆ ಗೊತ್ತಿರುವ ಸಂಗತಿಗಳಿವೆ. ಬಿಯಾಟ್ರಿಸ್‌ಳ ಬಾಲ್ಯವನ್ನು, ಆ ಗೀಚಿದ ಮುಖವನ್ನು ಹಿಂದಿನ ಸೀಸನ್ನಿನಲ್ಲಿ ನೋಡಿದವರು ನಾವು, ಅವನಲ್ಲ. ಅವಳು ಹಾಗೇಕೆ ಆದಳೆಂದು ಅವನು ಊಹಿಸುವಾಗಲೆಲ್ಲ ನಮ್ಮ ಕೈಯಲ್ಲಿ ಅಳತೆಗೋಲಿರುತ್ತದೆ, ಅವನಿಗೆ ದಾಟಿಸುವ ದಾರಿ ಮಾತ್ರ ಇಲ್ಲ. ಕೊನೆಗೆ ಅವನು ತಲೆಯೆತ್ತಿ ನೋಡಿದರೆ ಎದುರಿಗೆ ಸಾಲಾಗಿ ಕುಳಿತಿರುವವರು ಯಾರದೋ ಸಂಸ್ಕಾರಕ್ಕೆ ಬಂದ ಹಲ್ಲಿಗಳು. ಅವನು ಬೇರೆ ಕೋಣೆಗೆ ಬಂದಿದ್ದಾನೆ.

ಮರುವೀಕ್ಷಕ

ನಿನ್ನೆ ರಾತ್ರಿ ಆ ಕಂತನ್ನು ಮತ್ತೆ ನೋಡಿದೆ. ಮಾತಿನ ನಡುವೆ ತಾಯಿಯಿಂದ ಉತ್ತರ ಬೇಡುತ್ತಾ, ಒಪ್ಪಿಗೆಯಿದ್ದರೆ ಒಂದು ಸಲ ತಟ್ಟು ಎಂದು ಅವನು ಪೆಟ್ಟಿಗೆಯತ್ತ ತಿರುಗಿ ಕೇಳುತ್ತಾನಲ್ಲ, ಆಗ ಅದರೊಳಗಿರುವವರು ಯಾರೆಂಬುದು ಈ ಸಲ ನನಗೆ ಗೊತ್ತಿತ್ತು. ಮೊದಲ ಸಲ ನಕ್ಕ ಜಾಗದಲ್ಲಿ ನಗಲಾಗಲಿಲ್ಲ, ಅತ್ತ ಜಾಗದಲ್ಲಿ ನಗು ಬಂತು.